ಎಣಿಸಿ ಉಂಡ ಬೇಸಿಗೆ

ಮೊನ್ನೆ ಉಪ್ಪಿನಕಾಯಿಯ ಭರಣಿ ಇಳಿಸಲೆಂದು ಸ್ಟೂಲು ಹತ್ತಿದಾಗ ಮೇಲಿನ ಫಳಿಯ ಮೂಲೆಯಲ್ಲಿ ಆ ತಕ್ಕಡಿ ಕೈಗೆ ತಾಗಿತು. ತಕ್ಕಡಿ ಎಂದೊಡನೆ ನೀವು ಸಂತೆಯ ಎರಡು ತಟ್ಟೆಯದನ್ನು ನೆನೆಸಿಕೊಳ್ಳಬೇಡಿ. ಇದು ಅಂಗೈ ಅಗಲದ ಒಂದು ಗಾಜಿನ ಹಲಗೆ. ಮೇಲೆ ಏನಿಟ್ಟರೂ ಕೆಂಪು ಅಂಕಿಯಲ್ಲಿ ಗ್ರಾಂ ತೋರಿಸುತ್ತದೆ. ತೋರಿಸುತ್ತಿತ್ತು ಎನ್ನಬೇಕು, ಅದರ ಸೆಲ್ಲು ತೆಗೆದು ವರ್ಷವಾಗುತ್ತ ಬಂತು. ಆದರೂ ಅದನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ನಿಂತವಳ ತುಟಿಗಳು ತಾವಾಗಿಯೇ ಅಲುಗತೊಡಗಿದವು. ಎಂಟೋ ಒಂಬತ್ತೋ ಬಂದಾಗ ನನಗೆ ಎಚ್ಚರವಾಯಿತು. ನಾನು ಏನನ್ನೋ ಎಣಿಸುತ್ತಿದ್ದೆ. 

ಹೋದ ಬೇಸಿಗೆಯ ಕಥೆಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಿದರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ನನ್ನನ್ನು ಚೌಡಾಪುರದ ಬಸ್ಸು ಹತ್ತಿಸಿ ದೆವ್ವ ಬಿಡಿಸಲು ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ನೀವು ಎರಡನ್ನೂ ಮಾಡುವವರಲ್ಲ ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ.

ನಾನು ಅಫಜಲಪುರದಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳುವವಳು. ಐವತ್ತೆರಡರ ವಯಸ್ಸು. ಮನೆಯವರು ಭೂಸನೂರಿನ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು, ಭಾನುವಾರಕ್ಕೊಮ್ಮೆ ಮನೆಗೆ ಬರುವವರು. ಅವರ ಅಂಗಿಗಳನ್ನು ಎಷ್ಟು ಒಗೆದರೂ ಕಾಕಂಬಿಯ ವಾಸನೆ ಹೋಗುವುದಿಲ್ಲ. ಇಂಥ ಸಿಹಿ ಸಂಸಾರದಲ್ಲಿ ನಾನು ದಪ್ಪಗಾದದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅದು ನನಗೆ ತಿಳಿಯದೇ ಹೋದದ್ದು. ಒಮ್ಮೆ ಆಳಂದಕ್ಕೆ ಹೋಗುವ ಬಸ್ಸಿನಲ್ಲಿ ಮೂವರ ಸೀಟಿನ ತುದಿಯಲ್ಲಿ ಕುಳಿತಿದ್ದೆ. ಕಂಡಕ್ಟರು ಬಂದು, "ಮೇಡಂ, ಮೂರನೇದವರಿಗೆ ಜಾಗಾ ಬಿಡ್ರಿ" ಎಂದರು. ನಾನು ಆಚೆ ನೋಡಿದೆ. ಕಿಟಕಿಯ ಪಕ್ಕ ಒಬ್ಬ ಮುದುಕಿ ಬಿಟ್ಟರೆ ಸೀಟಿನ ಮೇಲೆ ಮತ್ತಾರೂ ಇರಲಿಲ್ಲ. ಎರಡನೆಯವಳೂ ಮೂರನೆಯವಳೂ ನಾನೇ ಆಗಿದ್ದೆ.

ಮೊಣಕಾಲು ನೋವು ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದೆ. ನಮ್ಮ ಡಾಕ್ಟರು ಸಾವಧಾನದ ಮನುಷ್ಯ. ರಕ್ತದ ರಿಪೋರ್ಟು ನೋಡಿ, "ಸಕ್ಕರಿ ಬಾಗಲಿಗೆ ಬಂದು ನಿಂತದ್ರಿ, ಇನ್ನ ಒಳಗ ಬಂದಿಲ್ಲ. ಹತ್ತು ಕಿಲೋ ಇಳಸ್ರಿ. ಒಂದಿಷ್ಟು ದಿವಸ ಏನು ತಿಂತೀರಿ ಅಂತ ಬರದಿಡ್ರಿ. ಕ್ಯಾಲರಿ ಲೆಕ್ಕ ಮಾಡೋ ಆ್ಯಪ್ ಬಂದಾವ ಈಗ" ಎಂದರು. ದಿನಕ್ಕೆ ಇಷ್ಟು ಸಾಕು, ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಒಂದು ಅಂಕಿಯನ್ನೂ ಚೀಟಿಯ ಮೇಲೆ ಬರೆದು ಕೊಟ್ಟರು. ಆ ಚೀಟಿ ಎಲ್ಲಿ ಹೋಯಿತೋ ಕಾಣೆ. ನಾನೇ ಬೇಕೆಂದು ಕಳೆದದ್ದು ಅಂತ ಈಗ ಅನ್ನಿಸುತ್ತದೆ.

ಮೊದಲ ಎರಡು ತಿಂಗಳು ಸುಖದ ದಿನಗಳು. ಇದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು, ಯಾಕೆಂದರೆ ಎಣಿಕೆಯೇ ಕೆಟ್ಟದ್ದೆಂದು ಸಾರಲು ಕುಳಿತವಳಲ್ಲ ನಾನು. ಆ ಆ್ಯಪಿಗೆ ಪಿಜ್ಜಾದ ಹತ್ತು ಬಗೆ ಗೊತ್ತಿದ್ದವು, ಪುಂಡಿಪಲ್ಯ ಗೊತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ನಾನೇ ಅದಕ್ಕೆ ಕಲಿಸಬೇಕಾಯಿತು. ಆದರೆ ಅದು ನನಗೆ ಕಲಿಸಿದ್ದು ಹೆಚ್ಚು. ನಾನು ದಿನಕ್ಕೆ ಏಳು ಸಲ ಚಹಾ ಕುಡಿಯುತ್ತೇನೆಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಕೇಳಿದವರಿಗೆಲ್ಲ ಮೂರು ಎಂದು ಹೇಳುತ್ತಿದ್ದೆ, ಸುಳ್ಳು ಹೇಳುತ್ತಿದ್ದೇನೆಂಬ ಅರಿವಿಲ್ಲದೆಯೇ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಮೇಲೆ ಸುರಿದುಕೊಳ್ಳುವ ಎಣ್ಣೆಯನ್ನು ತಕ್ಕಡಿಯ ಮೇಲಿಟ್ಟು ನೋಡಿದ ದಿನ ಅರ್ಧವನ್ನು ಡಬ್ಬಿಗೆ ವಾಪಸು ಸುರಿದೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಬಾಯಿಗೆ ಹಾಕಿಕೊಳ್ಳುತ್ತಿದ್ದ ಪುಟಾಣಿ, ಚುರಮುರಿ, ಸಂಜೆಯ ಮಿರ್ಚಿಭಜಿ, ಇವೆಲ್ಲ ಕಣ್ಣಿಗೆ ಕಂಡವು. ಕಂಡಮೇಲೆ ಬಿಡುವುದು ಕಷ್ಟವಾಗಲಿಲ್ಲ. ಆರು ಕಿಲೋ ಇಳಿದೆ. ಕಾಲೇಜಿನ ಮಹಡಿಯ ಮೆಟ್ಟಿಲನ್ನು ಕಟಾಂಜನ ಹಿಡಿಯದೆ ಹತ್ತಿದೆ. ಬಾಗಿಲಿಗೆ ಬಂದಿದ್ದ ಸಕ್ಕರೆ ಅಂಗಳಕ್ಕೆ ಸರಿಯಿತು.

ನಮ್ಮ ಹಿತ್ತಲ ಗೋಡೆಯ ಆಚೆ ಶಮೀಮಾಳ ಮನೆ. ಟೇಲರು. ಹೊಲಿಗೆ ಯಂತ್ರವನ್ನು ಹಿಂದಿನ ಕಿಟಕಿಗೆ ಒತ್ತಿ ಹಾಕಿಕೊಂಡಿದ್ದಾಳೆ, ಬೆಳಕಿಗೆ. ನನ್ನ ಕುಪ್ಪಸಗಳನ್ನೆಲ್ಲ ಒಮ್ಮೆ ಒಳಗೆ ಹಿಡಿದು ಹೊಲಿದುಕೊಟ್ಟಳು. ಇಪ್ಪತ್ತು ದಿನಕ್ಕೆ ಮತ್ತೆ ಒಯ್ದೆ. ಆಗಲೂ ಹೊಲಿದಳು. ಮೂರನೆಯ ಸಲ ಒಯ್ದಾಗ ಟೇಪನ್ನು ಕೊರಳಿಗೆ ಹಾಕಿಕೊಂಡೇ ನನ್ನ ಮುಖ ನೋಡಿದಳು.

"ಅಕ್ಕಾರ, ಇನ್ನ ಹಿಡದ್ರ ಅರಿವಿ ಹಾಳಾಗ್ತದ್ರಿ. ಆರಾಮ ಅದೀರಿಲ್ಲೋ?"

"ಆರಾಮ ಅದೇನಿ. ತೂಕ ಇಳಸಾಕತ್ತೇನಿ."

"ಇಳದೀರಲ್ರಿ. ಇನ್ನ ಎಲ್ಲಿಗಿ ಹೊಂಟೀರಿ?"

ನನಗೆ ಅದು ಹೊಗಳಿಕೆಯಂತೆ ಕೇಳಿಸಿತು.

 ಏಪ್ರಿಲಿನಲ್ಲಿ ರಜೆ ಬಂತು. ಡಾಕ್ಟರು ಬರೆದುಕೊಟ್ಟ ಅಂಕಿಗಿಂತ ನೂರು ಕಡಿಮೆ ಮಾಡಿದೆ, ಆಮೇಲೆ ಮತ್ತೆ ನೂರು. ಕಡಿಮೆ ಉಂಡ ದಿನ ಆ್ಯಪು ಹಸಿರು ಬಣ್ಣದ ಎಲೆಯೊಂದನ್ನು ತೋರಿಸುತ್ತಿತ್ತು. ಆ ಎಲೆಗಾಗಿ ನಾನು ಮಧ್ಯಾಹ್ನದ ಅನ್ನ ಬಿಟ್ಟೆ ಎಂದರೆ ನಂಬುತ್ತೀರಾ? ನನ್ನ ವಿದ್ಯಾರ್ಥಿಗಳು ಮಾರ್ಕಿಗಾಗಿ ಕಾಡಿದರೆ ಬೈಯುವವಳು ನಾನು. ಆಳಂದದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಸೀಮಂತಕ್ಕೆ ಹೋಗಿ, ಬಡಿಸಲು ಬಂದವರಿಗೆ ಉಪವಾಸ ಎಂದೆ. ಯಾವ ದೇವರದು ಎಂದು ಅವರು ಭಕ್ತಿಯಿಂದ ಕೇಳಿದರು. ಅಂದು ಯಾವ ವಾರವೆಂದು ನೆನಪಿಸಿಕೊಂಡು, ಆ ವಾರಕ್ಕೆ ಹೊಂದುವ ದೇವರ ಹೆಸರು ಹೇಳಿದೆ. ತಿರುಗಿ ಬರುವಾಗ ಚೌಡಾಪುರದಲ್ಲಿ ಬಸ್ಸು ನಿಂತಿತು. ಎದುರಿನ ಸೀಟಿನ ಹೆಂಗಸು ಕಾಗದದಲ್ಲಿ ಭಜಿ ಕಟ್ಟಿಸಿಕೊಂಡು ಬಂದು ತಿನ್ನತೊಡಗಿದಳು. ಭಜಿಯ ಆಸೆಯಾಗಲಿಲ್ಲ ನನಗೆ. ಅವಳ ದವಡೆ ಆಡುವುದನ್ನು ನೋಡುತ್ತ ಎಣಿಸುತ್ತಿದ್ದೆ. ಅವಳು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು, ಆಮೇಲೆ ಕಾಗದವನ್ನು ಸೆರಗಿನ ಮರೆಗೆ ಸರಿಸಿಕೊಂಡು ಮಗ್ಗುಲಾಗಿ ಕುಳಿತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು.

ದವಡೆಯ ಎಣಿಕೆ ಎಲ್ಲಿಂದ ಬಂತೆಂದರೆ, ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ ಎಂದು ಆ್ಯಪು ಸಲಹೆ ಕೊಟ್ಟಿತ್ತು. ಬಾಯಲ್ಲಿ ತುತ್ತಿಟ್ಟುಕೊಂಡು ಎಣಿಸುವುದು ಹೇಗೆ? ಎಡಗೈಯ ತೋರುಬೆರಳಿನಿಂದ ತಾಟಿನ ಅಂಚನ್ನು ಬಡಿಯುವುದು ರೂಢಿಯಾಯಿತು. ಅಗಿದಾಗೊಮ್ಮೆ ಟಕ್. ಮೂವತ್ತೆರಡು ಟಕ್ಕಿಗೆ ಒಂದು ತುತ್ತು. ಅರ್ಧ ರೊಟ್ಟಿಗೆ ಒಂದು ಗಂಟೆಯ ಕೆಲಸ.

ಈಗ ಅವ್ವನ ವಿಷಯ ಹೇಳಬೇಕು. ಅವ್ವ ನಮ್ಮ ಜೊತೆಗೇ ಇದ್ದಾಳೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣಿನ ನರ ಒಣಗಿ ಎರಡೂ ಕಣ್ಣು ಹೋಗಿವೆ. ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಆದರೂ ಬೆಳಗಿನ ರೊಟ್ಟಿ ಅವಳದೇ. ನಾನು ಒಲೆ ಹಚ್ಚಿ ಹಿಟ್ಟು ಮುಂದಿಟ್ಟರೆ ಸಾಕು, ಕೈಯೇ ಕಣ್ಣು. ತಕ್ಕಡಿ ತಂದ ಹೊಸದರಲ್ಲಿ ಅವಳ ರೊಟ್ಟಿಗಳನ್ನು ಒಂದೊಂದಾಗಿ ತೂಗಿದ್ದೆ. ತೊಂಬತ್ತೆರಡು ಗ್ರಾಂ. ತೊಂಬತ್ತೆರಡು. ತೊಂಬತ್ತೊಂದು. ತೊಂಬತ್ತೆರಡು. ತಕ್ಕಡಿ ಕೆಟ್ಟಿದೆಯೆಂದು ಸೌಟು ಇಟ್ಟು ಪರೀಕ್ಷಿಸಿದೆ. ಕೆಟ್ಟಿರಲಿಲ್ಲ. ನಾನು ಬೆರಗಾಗಿ ಹೇಳಿದರೆ ಅವ್ವ ನಗಲಿಲ್ಲ. "ಕೈಗೆ ರೂಢಿ ಬಿದ್ದದ" ಎಂದು ಕೈ ತೊಳೆಯಲು ಎದ್ದಳು.

ಮೇ ತಿಂಗಳ ಮಧ್ಯಾಹ್ನ ನಮ್ಮ ಊರು ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಗಂಟೆಗೆ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತವೆ. ಎರಡು ಗಂಟೆಗೆ ನಾಯಿಗಳೂ ಮೋರಿಯೊಳಗೆ ಇಳಿಯುತ್ತವೆ. ರಸ್ತೆ ಬಿಳುಪಾಗಿ, ಯಾರೋ ಈಗಷ್ಟೇ ಊರು ಬಿಟ್ಟು ಹೋದ ಹಾಗೆ ಕಾಣುತ್ತದೆ. ಆ ಹೊತ್ತಿನ ನಿಶ್ಶಬ್ದದಲ್ಲಿ ಒಂದು ದಿನ ನಾನು ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕುಳಿತು ಉಣ್ಣುತ್ತಿದ್ದೆ. ಫ್ಯಾನಿನ ಗಾಳಿ ಆ ಮೂಲೆಗೆ ಬರುತ್ತದೆಂದು ಹಾಗೆ ಕುಳಿತದ್ದು. ಟಕ್, ಟಕ್, ಟಕ್. ಅವ್ವ ಹಿತ್ತಲ ಪಡಸಾಲೆಯಲ್ಲಿ ಚಾಪೆಯ ಮೇಲೆ ಅಡ್ಡಾಗಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡಿದ್ದೆ.

"ಎಷ್ಟಾತು ಗಂಗಾ?"

ಮೆಲುದನಿ. ನಿದ್ದೆಗಣ್ಣಿನ ಮಾತಲ್ಲ. ಎದುರಿಗೆ ಕುಳಿತವರನ್ನು ಕೇಳುವ ಹಾಗೆ ಕೇಳಿದ್ದಳು. ನನ್ನ ಬೆರಳು ತಾಟಿನ ಅಂಚಿನ ಮೇಲೆ ಹಾಗೆಯೇ ನಿಂತಿತು.

ಗಂಗಾ ಎಂದರೆ ಗಂಗತ್ತಿ, ನನ್ನ ಅಪ್ಪನ ತಂಗಿ. ತೀರಿಕೊಂಡು ನಲವತ್ತಕ್ಕೂ ಮೇಲೆ ವರ್ಷಗಳಾದವು.

ನನ್ನ ತವರು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಗಂಗತ್ತಿಯನ್ನು ಅವಳ ಗಂಡ ಇನ್ನೊಬ್ಬಳನ್ನು ತಂದುಕೊಂಡು ತವರಿಗೆ ಕಳಿಸಿದ್ದ. ನಾನು ಹುಟ್ಟುವ ಮೊದಲೇ ಬಂದವಳು, ಹಾಗೇ ಉಳಿದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ಕಡ್ಡಿಯಂತಾಗಿದ್ದಳು. ನನ್ನ ತಲೆ ಬಾಚುವಾಗ ಅವಳ ಬೆರಳಿನ ಎಲುಬು ಕಿವಿಗೆ ತಾಗಿದರೆ ತಣ್ಣಗೆನಿಸುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಗೋಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ಉಣ್ಣಲು ಕೂಡುತ್ತಿದ್ದಳು. ಎರಡು ರೊಟ್ಟಿ. ಅವನ್ನು ಚೂರು ಚೂರು ಮುರಿದು ತಾಟಿನ ತುಂಬ ಸಾಲಾಗಿ ಜೋಡಿಸುತ್ತಿದ್ದಳು. ಒಂದೊಂದು ಚೂರಿಗೂ ಎಣಿಕೆ. ಬೆರಳಿನಿಂದ ತಾಟಿನ ಅಂಚಿಗೆ ಟಕ್, ಟಕ್, ಟಕ್. ಮಧ್ಯಾಹ್ನ ಕುಳಿತರೆ ಬಿಸಿಲು ಹೊಸ್ತಿಲಿಂದ ಅಂಗಳಕ್ಕೆ ಇಳಿಯುವವರೆಗೂ ಆ ಸದ್ದು ನಿಲ್ಲುತ್ತಿರಲಿಲ್ಲ.

ಮಕ್ಕಳಾದ ನಮಗೆ ಅದೊಂದು ಆಟ. ನಾನು ನನ್ನ ಗೆಳತಿಯರನ್ನು ಸೇರಿಸಿ, ಒಡೆದ ಗಡಿಗೆಯ ಬೋಕಿಗಳನ್ನು ಎಲೆಯ ಮೇಲೆ ಜೋಡಿಸಿ, ಗೋಡೆಗೆ ಮುಖ ಮಾಡಿ ಟಕ್ ಟಕ್ ಎಂದು ಬಡಿಯುತ್ತ ಗಂಗತ್ತಿಯಾಗುತ್ತಿದ್ದೆ. ನನ್ನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ ಎಂಬ ಹೆಮ್ಮೆ ಬೇರೆ. ಒಮ್ಮೆ ಆಯಿ, ಅಂದರೆ ನನ್ನ ಅಪ್ಪನ ಅವ್ವ, ಅದನ್ನು ಕಂಡು ಬೆನ್ನಿಗೆ ಬಾರಿಸಿದಳು. "ಹಂಗ ಮಾಡಿದ್ರ ಆಕೀದು ನಿನಗ ಬಡಕೋತದ" ಎಂದಳು. ಗಂಗತ್ತಿಗೆ ಗಾಳಿ ಬಡಿದಿದೆ ಎಂದು ಊರೆಲ್ಲ ಹೇಳುತ್ತಿತ್ತು. ಆಯಿ ಅವಳನ್ನು ಗಾಣಗಾಪುರಕ್ಕೂ ಕರೆದುಕೊಂಡು ಹೋಗಿಬಂದಿದ್ದಳು. ಅಲ್ಲಿ ಬೇರೆ ಹೆಂಗಸರು ಕೂದಲು ಬಿಚ್ಚಿ ಕೂಗುತ್ತಿದ್ದರೆ ಗಂಗತ್ತಿ ಸುಮ್ಮನೆ ನಿಂತು ಪ್ರಸಾದದ ಚೂರುಗಳನ್ನು ಎಣಿಸುತ್ತಿದ್ದಳಂತೆ.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಆ ಸದ್ದು ಬೇಗ ನಿಂತಿತು. ನೀರು ಕುಡಿಯಲು ಒಳಗೆ ಹೋದವಳು ನಾನೇ. ಗಂಗತ್ತಿ ಗೋಡೆಗೆ ಹಣೆ ಹಚ್ಚಿ ಕುಳಿತಿದ್ದಳು. ಬೆರಳು ತಾಟಿನ ಅಂಚಿನ ಮೇಲಿತ್ತು. ತಾಟಿನಲ್ಲಿ ಇನ್ನೂ ಅರ್ಧ ಸಾಲು ಉಳಿದಿತ್ತು. ನಾನು ಅವಳ ಪಕ್ಕದ ಕೊಡದಿಂದ ನೀರು ತುಂಬಿಕೊಂಡು ಕುಡಿದು, ಹೊರಗೆ ಬಂದು, ಗಂಗತ್ತಿ ಇವತ್ತು ಎಣಿಸುತ್ತಿಲ್ಲ ಎಂದು ಅವ್ವನಿಗೆ ಹೇಳಿದೆ.

ಅಷ್ಟು ವರ್ಷಗಳ ಮೇಲೆ ಆ ಹೆಸರನ್ನು ಕೇಳಿ ನಾನು ಎದ್ದು ಪಡಸಾಲೆಗೆ ಹೋದೆ. ಅವ್ವ ಎದ್ದು ಕುಳಿತಿದ್ದಳು.

"ಅವ್ವ, ನಾನು ಸುಮಂಗಲಾ."

"ಹೌದಲಾ. ಸಪ್ಪಳ ಆಕೀದಿತ್ತು."

ನಾನು ಚಾಪೆಯ ಅಂಚಿಗೆ ಕುಳಿತೆ. ಆಮೇಲೆ ಅವಳೇ ಹೇಳಿದಳು.

"ಗಂಗಿಗೆ ಗಾಳಿ ಗೀಳಿ ಏನೂ ಬಡದಿದ್ದಿಲ್ಲ ಬೇ. ಹಸಿವಿತ್ತು."

ಮನೆಯಲ್ಲಿ ಜೋಳಕ್ಕೆ ಕೊರತೆ ಇರಲಿಲ್ಲ. ತಿರುಗಿ ಬಂದ ಮಗಳಿಗೆ ಹೊತ್ತಿಗೆ ಎರಡೇ ರೊಟ್ಟಿ ಎಂಬುದು ಆಯಿಯ ಕಟ್ಟು. ಹೊಟ್ಟೆ ತುಂಬಿದರೆ ತವರು ರುಚಿಯಾಗುತ್ತದೆ, ಹಸಿದರೆ ಗಂಡನ ಮನೆ ನೆನಪಾಗುತ್ತದೆ ಎಂಬುದು ಆಕೆಯ ಎಣಿಕೆ. ಹೊಲಕ್ಕೆ ಹೋಗುವ ಮೊದಲು ಹಿಟ್ಟಿನ ಉಂಡೆಗಳನ್ನು ತಾನೇ ಕೈಯಾರೆ ಮಾಡಿ ಎಣಿಸಿಟ್ಟು ಹೋಗುತ್ತಿದ್ದಳಂತೆ. ಅವ್ವ ಮಾಡಿದರೆ ಒಂದೊಂದೂ ಅದೇ ಅಳತೆಗೆ ಬರಬೇಕು. ಬರದಿದ್ದರೆ ಬೈಗುಳ. ಅವ್ವನ ಕೈಗೆ ರೂಢಿ ಬಿದ್ದದ್ದು ಹಾಗೆ.

"ನಮ್ಮತ್ತಿ ಹೇಳ್ತಿದ್ಲು, ಎಣಸಿ ಹಾಕಾಕಿ ನಾನ ಇದ್ದೆ," ಎಂದಳು ಅವ್ವ. "ಗಂಗಿ ತಾಟು ಹಿಡದು ನಿಂದರ್ತಿದ್ಲು. ನಾ ಒಂದು, ಎರಡು ಅಂತ ಹಾಕಿ ಬುಟ್ಟಿ ಮುಚ್ಚತಿದ್ದೆ."

ಇಷ್ಟು ಕೇಳಿದ ಮೇಲೆ ನಾನು ಎಣಿಸುವುದನ್ನು ಬಿಡಬೇಕಾಗಿತ್ತು ಎಂದು ನೀವು ಹೇಳುತ್ತೀರಿ. ನಾನು ಬಿಡಲಿಲ್ಲ. ಓದಿದವರಿಗೆ ಕಾರಣಗಳಿಗೇನು ಕೊರತೆ? ಅದು ದಬ್ಬಾಳಿಕೆ, ಇದು ನಾನಾಗಿ ಮಾಡಿಕೊಂಡದ್ದು. ಅದು ಹಸಿವು, ಇದು ಆರೋಗ್ಯ. ತಾಟಿನ ಬದಲು ತೊಡೆಯ ಮೇಲೆ ಬೆರಳು ಬಡಿಯತೊಡಗಿದೆ, ಅವ್ವನಿಗೆ ಕೇಳಿಸದಿರಲೆಂದು. ಅಷ್ಟೇ ಬದಲಾವಣೆ.

ಬದಲಾದದ್ದು ಅವ್ವ. ಮರುದಿನದಿಂದ ಅವಳು ಪಡಸಾಲೆಯ ಕಟ್ಟೆಯ ಮೇಲೆ ಒಂದು ತಾಟು ಇಡತೊಡಗಿದಳು. ಒಂದು ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲದ ಹೆಂಟೆ. ನಾನು ಮನೆಯಲ್ಲಿ ತುಪ್ಪ ತರಿಸುವುದನ್ನೇ ಬಿಟ್ಟಿದ್ದೆ. ಶಮೀಮಾಳಿಗೆ ಹೇಳಿ ಗೋಡೆಯ ಮೇಲಿಂದ ತರಿಸಿಕೊಂಡಿದ್ದಳು.

"ಯಾರಿಗವ್ವ ಇದು?"

"ಗಂಗಿಗೆ. ಇರಲಿ, ನೀ ತಗೀಬ್ಯಾಡ."

ಮುದುಕಿಯ ಮನಸ್ಸಿನ ಸಮಾಧಾನಕ್ಕೆ ಎಂದು ಸುಮ್ಮನಾದೆ. ಮೊದಲ ದಿನ ಸಂಜೆಯ ಹೊತ್ತಿಗೆ ತಾಟು ಖಾಲಿಯಾಗಿತ್ತು. ಎರಡನೆಯ ದಿನವೂ. ಬೆಕ್ಕು ಎಂದುಕೊಂಡೆ. ಬೆಕ್ಕು ತುಪ್ಪದ ರೊಟ್ಟಿ ತಿಂದೀತು, ಬೆಲ್ಲ ತಿಂದೀತೇ? ಮೂರನೆಯ ದಿನ ಓಣಿಯ ಕಡೆಯ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಮಲಗಿದೆ. ಎದ್ದು ನೋಡಿದರೆ ಅಗಳಿ ಹಾಕಿದ ಹಾಗೇ ಇದೆ, ತಾಟು ಖಾಲಿ. ಒಂದು ಚೂರೂ ಬಿದ್ದಿರಲಿಲ್ಲ. ಬೆರಳಿನಿಂದ ಬಳಿದ ಹಾಗೆ ಸ್ವಚ್ಛ.

"ಉಂಡ್ಲು," ಎಂದಳು ಅವ್ವ, ಸಮಾಧಾನದಿಂದ. "ಇವತ್ತ ಸಾವಕಾಶ ಉಂಡ್ಲು."

"ಅವ್ವ, ನೀನ ತಿಂತಿಯೇನು?"

"ನನಗ ಹಲ್ಲೆಲ್ಲಿ ಅವ ಅದನ್ನ ತಿನ್ನಾಕ? ಹಾಲಾಗ ನೆನಿಸಿಕೊಂಡು ತಿನ್ನಾಕಿ ನಾ."

ಅದು ನಿಜವಾಗಿತ್ತು.

ಅದೇ ಹೊತ್ತಿಗೆ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ನನ್ನ ತೂಕ ಇಳಿಯುವುದು ನಿಂತಿತ್ತು. ನಿಂತದ್ದಷ್ಟೇ ಅಲ್ಲ, ಏರುತ್ತಿತ್ತು. ಒಂದೊಂದು ಚೂರೂ ಲೆಕ್ಕದಲ್ಲಿದೆ, ಒಂದು ಚಮಚ ಮಜ್ಜಿಗೆಯೂ ತಪ್ಪಿಲ್ಲ, ಆದರೂ ಏರಿಕೆ. ಕಡಿಮೆ ಬಿದ್ದಿದೆ ಎಂದು ಇನ್ನೂ ನೂರು ಇಳಿಸಿದೆ. ಮಧ್ಯಾಹ್ನ ಮಲಗಿ ಎದ್ದಾಗ ಕೈಬೆರಳಿಗೆ ತುಪ್ಪದ ವಾಸನೆ ಬರುತ್ತಿತ್ತು. ಹಸಿದವರಿಗೆ ಎಲ್ಲ ಕಡೆಯೂ ತುಪ್ಪದ ವಾಸನೆಯೇ ಬರುತ್ತದೆ ಎಂದು ನಾನೇ ನನಗೆ ಹೇಳಿಕೊಂಡೆ.

ಒಂದು ಸಂಜೆ ಹಳೆಯ ಸೀರೆಗೆ ಫಾಲ್ಸ್ ಹಚ್ಚಿಸಲೆಂದು ಶಮೀಮಾಳ ಮನೆಗೆ ಹೋದೆ. ಅವಳು ಯಂತ್ರ ನಿಲ್ಲಿಸಿ, ಕೂಡಲು ಸ್ಟೂಲು ಕೊಟ್ಟಳು. ಮಾತು ಶುರು ಮಾಡಲು ಅವಳಿಗೆ ಮುಜುಗರವಾಗುತ್ತಿರುವುದು ಕಾಣುತ್ತಿತ್ತು.

"ಅಕ್ಕಾರ, ನನ್ನ ಮ್ಯಾಲ ಸಿಟ್ಟಾಗೀರೇನ್ರಿ?"

"ಯಾಕ ಶಮೀಮಾ?"

"ನಿನ್ನಿ ಮಧ್ಯಾಹ್ನ ಕರದೆ, ನೀವು ಹೊಳ್ಳಿ ನೋಡಲಿಲ್ಲರಿ. ಮೊನ್ನಿನೂ ಅಷ್ಟ."

"ಎಲ್ಲಿ ಕರದಿ? ಮಧ್ಯಾಹ್ನ ನಾ ಮಲಗಿರ್ತೇನಲ್ಲ."

ಶಮೀಮಾ ಕಿಟಕಿಯ ಕಡೆ ಕೈ ತೋರಿಸಿದಳು. ಅಲ್ಲಿಂದ ಗೋಡೆಯ ಮೇಲಿಂದ ನಮ್ಮ ಪಡಸಾಲೆಯ ಕಟ್ಟೆ ಕಾಣುತ್ತಿತ್ತು. "ಅಲ್ಲೇ ಕಟ್ಟಿಮ್ಯಾಲ ಕುಂತಿದ್ರಲ್ರಿ. ಗ್ವಾಡಿ ಕಡಿ ಮುಖ ಮಾಡಿ ಉಣ್ಣಾಕತ್ತಿದ್ರಿ. ಅಮ್ಮಾರು ಬಾಜೂಕ ಕುಂತಿದ್ರು. ನಾ ಎರಡು ಸಲ ಅಕ್ಕಾರ ಅಂದೆ. ಅಮ್ಮಾರ ನನಗ ಸುಮ್ಮನಿರು ಅಂತ ಕೈ ಮಾಡಿದ್ರು."

ನಾನು ನಕ್ಕೆ. ಬೇರೆ ಯಾರನ್ನೋ ನೋಡಿರಬೇಕು ಎಂದೆ.  ಅವಳ ಮುಖದಲ್ಲಿ, ಚೌಡಾಪುರದ ಬಸ್ಸಿನಲ್ಲಿ ಆ ಹೆಂಗಸು ನನ್ನನ್ನು ನೋಡಿದ ನೋಟ ಇತ್ತು.

ಮನೆಗೆ ಬಂದು ಹಾಸಿಗೆಯ ಮೇಲೆ ಕುಳಿತೆ. ಮಲಗುವಾಗಲೂ ಕೈಯಲ್ಲಿ ಒಂದು ಪಟ್ಟಿ ಕಟ್ಟಿಕೊಂಡಿರುತ್ತಿದ್ದೆ, ದಿನಕ್ಕೆ ಎಷ್ಟು ಹೆಜ್ಜೆ ನಡೆದೆನೆಂದು ಎಣಿಸುವ ಪಟ್ಟಿ. ಊಟ ಎಣಿಸುವವರಿಗೆ ಹೆಜ್ಜೆಯೂ ಬೇಕಾಗುತ್ತದೆ. ಅದು ಯಾವ ಹೊತ್ತಿನಲ್ಲಿ ಎಷ್ಟು ನಡೆದೆವೆಂದು ಫೋನಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಹಿಂದಿನ ದಿನದ್ದನ್ನು ತೆಗೆದೆ. ಎರಡು ಗಂಟೆಯಿಂದ ಮೂರರವರೆಗೆ, ನಾನು ಗಾಢ ನಿದ್ದೆಯಲ್ಲಿದ್ದ ಹೊತ್ತಿನಲ್ಲಿ, ನಲವತ್ತೆರಡು ಹೆಜ್ಜೆ. ಅದರ ಹಿಂದಿನ ದಿನ ನಲವತ್ತೆರಡು. ಅದರ ಹಿಂದಿನ ದಿನ ನಲವತ್ತಮೂರು. ಎದ್ದು, ಮಂಚದಿಂದ ಪಡಸಾಲೆಯ ಕಟ್ಟೆಯವರೆಗೆ ಎಣಿಸುತ್ತ ನಡೆದೆ. ಇಪ್ಪತ್ತೊಂದು.

ಕಟ್ಟೆಯ ಬಳಿ ನಿಂತಾಗ ಬಿಸಿಲು ಇನ್ನೂ ಇತ್ತು. ಬೇಸಿಗೆಯ ಸಂಜೆ, ಗೋಡೆಯೆಲ್ಲ ಕಾದು ಬಿಸಿ ಉಗುಳುತ್ತಿತ್ತು.  ನನ್ನ ಕೈಯನ್ನು ಮೂಗಿನ ಹತ್ತಿರ ಒಯ್ದು ಮೂಸಿ ನೋಡಿದೆ.

ಭಾನುವಾರ ಬಂದ ನನ್ನ ಮನೆಯವರಿಗೆ ಎಲ್ಲ ಹೇಳಿದೆ. ಅವರು ಕೆಮಿಸ್ಟು, ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವರು. ಹಾಸ್ಯ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. "ವಾರಕ್ಕೊಮ್ಮೆ ಬಂದಾಗೆಲ್ಲ ನೀನು ಕಡಿಮಿ ಆಗಾಕತ್ತಿದ್ದಿ. ಛಲೋ ಆತು ಅಂತ ನಾನ ಹೇಳಿದೆ. ನಂದೂ ತಪ್ಪದ" ಎಂದರು. ಮರುದಿನ ಕಾರ್ಖಾನೆಗೆ ರಜೆ ಹಾಕಿ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರು ನನ್ನ ಫೋನಿನ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ನಾನು ಕೆಳಗಿಳಿಸುತ್ತ ಹೋದ ದಿನದ ಅಂಕಿಯನ್ನು ಕಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಇದು ಸಣ್ಣ ಮಕ್ಕಳ ಊಟಾರಿ. ನೀವು ಕೊಡಲಿಲ್ಲ ಅಂದ್ರ ಮೈ ತಾನ ಎದ್ದು ಹೋಗಿ ತಗೋತದ. ನಿದ್ದಿಗಣ್ಣಾಗ ಎದ್ದು ಉಂಡವರನ್ನ ನಾ ಮೊದಲೂ ನೋಡೇನಿ. ಹೆದರಬ್ಯಾಡ್ರಿ."

"ಎಣಸೋದು ತಪ್ಪೇನ್ರಿ ಹಂಗಾರ?"

"ತಪ್ಪಲ್ಲರಿ. ನಿಮಗ ಏಳು ಕಪ್ಪು ಚಹಾ ತೋರಿಸಿಕೊಡ್ತಲ್ಲ, ಅದು ಅದರ ಕೆಲಸ. ತೋರಿಸಿದ ಮ್ಯಾಲ ಬಿಟ್ಟುಬಿಡಬೇಕಿತ್ತು. ಕೆಲವರಿಗೆ ಬಿಡಾಕ ಬರ್ತದ, ಕೆಲವರಿಗೆ ಬರೂದಿಲ್ಲ. ನಿಮಗ ಬರೂದಿಲ್ಲ, ಅದು ಗೊತ್ತಾತು."

ಅಂದೇ ಆ್ಯಪು ಅಳಿಸಿದೆ. ತಕ್ಕಡಿಯ ಸೆಲ್ಲು ತೆಗೆದೆ. ಮೂರು ಹೊತ್ತು ಉಣ್ಣತೊಡಗಿದೆ. ಮೊದಲ ವಾರ ಬಹಳ ಕಷ್ಟವಾಯಿತು. ಬಾಯಲ್ಲಿ ತುತ್ತಿದ್ದರೆ ಬೆರಳು ಸುಮ್ಮನಿರುತ್ತಿರಲಿಲ್ಲ, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದೆ. ನಾಲ್ಕು ಕಿಲೋ ವಾಪಸು ಬಂದವು, ಆಮೇಲೆ ನಿಂತವು. ಚಹಾ ಈಗಲೂ ಮೂರೇ, ನಿಜವಾದ ಮೂರು. ಹಿಂಡಿಯ ಮೇಲಿನ ಎಣ್ಣೆ ಕಡಿಮೆಯಾಗಿದೆ. ಮೊಣಕಾಲು ಸುಮ್ಮನಿದೆ. ಇಷ್ಟೆಲ್ಲ ಒಳ್ಳೆಯದನ್ನು ಮಾಡಿದ್ದು ಆ ಎಣಿಕೆಯೇ ಎಂಬುದನ್ನು ನಾನು ಮರೆತಿಲ್ಲ.

ನಾನು ಹೊಟ್ಟೆ ತುಂಬ ಉಂಡು ಮಲಗತೊಡಗಿದ ಮೇಲೆ ಕಟ್ಟೆಯ ಮೇಲಿನ ತಾಟು ಇದ್ದ ಹಾಗೇ ಉಳಿಯಿತು. ತುಪ್ಪ ಹೆಪ್ಪುಗಟ್ಟಿ, ರೊಟ್ಟಿ ಸೆಟೆದುಕೊಂಡಿತು. ಅವ್ವ ಸಂಜೆ ಕೈಯಾಡಿಸಿ ನೋಡಿ, ಅದನ್ನು ಎಮ್ಮೆ ಕಟ್ಟಿದವರ ಮನೆಗೆ ಕೊಡುತ್ತಿದ್ದಳು. ಎಂಟು ದಿನ ಹೀಗೆ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ.

"ಅವ್ವ, ಆ ರೊಟ್ಟಿ ತಿಂತಿದ್ದಾಕಿ ನಾನ. ನಿದ್ದಿಗಣ್ಣಾಗ ಬಂದು ತಿಂತಿದ್ದೆ ಅಂತ."

"ಗೊತ್ತದ."

"ಹೆಂಗ ಗೊತ್ತದ? ನಿನಗ ಕಾಣೂದಿಲ್ಲಲ್ಲ."

"ಹೆತ್ತ ಮಗಳ ಕೈಬಳಿ ಸಪ್ಪಳ ಗೊತ್ತಾಗೂದಿಲ್ಲೇನು?"

"ಮತ್ತ ಗಂಗಿ ಉಂಡ್ಲು ಅಂತ ಹೇಳ್ತಿದ್ದಿ?"

ಅವ್ವ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಳು. 

"ಬಳಿ ಸಪ್ಪಳ ನಿಂದ ಇತ್ತು," ಎಂದಳು. "ಮೊದಲಿನ ದಿನಾ ಉಂಡು, ತಾಟು ನನ್ನ ಕಡಿ ಸರಿಸಿದಿ. ಸರಿಸಿ, 'ವೈನಿ, ಇನ್ನೊಂದು ಕೊಡ್ತೀರೇನು' ಅಂದಿ."

ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ. ಅವ್ವನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಈಗ ಯಾರೂ ಇಲ್ಲ. ಅಪ್ಪನಿಗೆ ಇದ್ದದ್ದು ಒಬ್ಬಳೇ ತಂಗಿ. ಆ ಶಬ್ದವನ್ನು ನಾನು ನನ್ನ ಜನ್ಮದಲ್ಲಿ ಅವ್ವನ ಎದುರು ಆಡಿರಲಿಲ್ಲ.

"ಹನ್ನೊಂದು ವರ್ಷ ಆಕಿ ನನ್ನ ಕೈಲೆ ಉಂಡ್ಲು," ಎಂದಳು ಅವ್ವ. "ಒಂದ ಸಲನೂ ಇನ್ನೊಂದು ಕೊಡು ಅನ್ನಲಿಲ್ಲ. ಅಂದಿದ್ರ ಕೊಡ್ತಿದ್ನೋ ಇಲ್ಲೋ ನನಗ ಗೊತ್ತಿಲ್ಲ. ನಮ್ಮತ್ತಿ ಅಂಜಿಕಿ ಅಷ್ಟಿತ್ತು. ಈ ಸಲ ಕೇಳಿದ್ಲು."

"ಕೊಟ್ಟಿಯೇನು?"

"ಕೊಟ್ಟೆ. ಒಳಗ ಹೋಗಿ ರೊಟ್ಟಿ ಬುಟ್ಟಿನ ತಂದು ಮುಂದ ಇಟ್ಟೆ. ಬೇಡಿದಷ್ಟು ಹಾಕಿದೆ."

ಆ ದಿನ ನಾನು ಎದ್ದಾಗ ಹೊಟ್ಟೆ ಭಾರವಾಗಿದ್ದದ್ದು, ಸಂಜೆ ಬುಟ್ಟಿ ತಳ ಕಂಡಿದ್ದದ್ದು ನೆನಪಾಯಿತು.  ಆದರೂ ಕೇಳಿದೆ.

"ಎಷ್ಟು ಹಾಕಿದಿ ಅವ್ವ?"

ಅವ್ವ ಬಿಸಿಲಿನ ಕಡೆಗೆ ಮುಖ ಎತ್ತಿದಳು.

"ಎಣಸಲಿಲ್ಲ," ಎಂದಳು.